ಅರ್ಧ ತಿರುಗಿದ ಬೀಗದ ಕೈ

ಮನೆಗೆ ಬೀಗ ಹಾಕಿ ಊರಿಗೆ ಹೊರಟವನಿಗೆ ಒಂದು ಬಗೆಯ ನೆಮ್ಮದಿ. ಬೀಗ ಹಾಕದೆ ಮನೆಯಲ್ಲೇ ಉಳಿದವನಿಗೆ ಇನ್ನೊಂದು ಬಗೆಯ ನೆಮ್ಮದಿ. ಆದರೆ ಬಂಡಿ ಬಾಗಿಲಿಗೆ ಬಂದು ನಿಂತಿರುವಾಗ ಬೀಗದ ಕೈ ಅರ್ಧ ತಿರುಗಿ ಸಿಕ್ಕಿಕೊಂಡರೆ ಆ ಗೃಹಸ್ಥನ ಪಾಡು ಹೇಳತೀರದು. ಬೀಗ ಮುಚ್ಚಿಕೊಳ್ಳಲೂ ಒಲ್ಲದು, ತೆರೆದುಕೊಳ್ಳಲೂ ಒಲ್ಲದು. ಕೈಯಲ್ಲಿ ಬಲವಿದೆಯೆಂದು ತಿರುವಿದರೆ ಬೀಗದ ಕೈ ಮುರಿದು ಅರ್ಧ ತುಂಡು ಒಳಗೇ ಉಳಿದೀತು. ಹಾಗೆಯೇ ಬಿಟ್ಟು ಹೋದರೆ ಮನೆ ಕಳ್ಳರ ಪಾಲಾದೀತು. ಇಂತಹ ಹೊತ್ತಿನಲ್ಲಿ ವಿವೇಕಿಯಾದವನು ಮೊದಲು ಮಾಡತಕ್ಕ ಕೆಲಸವೇನು? ಈ ಪ್ರಶ್ನೆ ಬರಿಯ ಮರದ ಬಾಗಿಲಿಗೆ ಸಂಬಂಧಿಸಿದುದಲ್ಲ. ಗಣಕಯಂತ್ರವನ್ನು ಇಟ್ಟುಕೊಂಡಿರುವ ಪ್ರತಿಯೊಂದು ಸಂಸಾರವೂ ಇಂದು ಇದರ ಉತ್ತರವನ್ನು ಬಲ್ಲದ್ದಾಗಿರಬೇಕು.

ಹಿಂದೆ ಮನೆಯ ಕಾಗದಪತ್ರಗಳಿಗೆ ಕಬ್ಬಿಣದ ಪೆಟ್ಟಿಗೆಯೊಂದು ಇರುತ್ತಿತ್ತು. ಇಂದು ಆ ಪೆಟ್ಟಿಗೆಯ ಸ್ಥಾನವನ್ನು ತೊಡೆಯ ಮೇಲಿಟ್ಟುಕೊಳ್ಳುವಷ್ಟು ಚಿಕ್ಕದಾದ ಲ್ಯಾಪ್‌ಟಾಪ್ ಆಕ್ರಮಿಸಿದೆ. ತೆರಿಗೆಯ ಲೆಕ್ಕ, ಬ್ಯಾಂಕಿನ ವ್ಯವಹಾರ, ಮಗುವಿನ ಮೊದಲ ಹುಟ್ಟುಹಬ್ಬದ ಚಿತ್ರ, ತೀರಿಕೊಂಡ ಅಜ್ಜಿಯ ದನಿ, ಎಲ್ಲವೂ ಅದರ ಡಿಸ್ಕಿನಲ್ಲಿ ಅಡಗಿರುತ್ತವೆ. ಕಬ್ಬಿಣದ ಪೆಟ್ಟಿಗೆಯನ್ನು ಹೊತ್ತೊಯ್ಯಲು ನಾಲ್ಕು ಮಂದಿ ಕಳ್ಳರು ಬೇಕಾಗುತ್ತಿದ್ದರು. ಲ್ಯಾಪ್‌ಟಾಪನ್ನು ಕಳೆದುಕೊಳ್ಳಲು ರೈಲಿನಲ್ಲಿ ಒಮ್ಮೆ ಮರೆತು ಇಳಿದರೆ ಸಾಕು. ಯಂತ್ರವನ್ನು ತೆರೆಯುವ ಪಾಸ್‌ವರ್ಡ್ ಕಳ್ಳನಿಗೆ ತಿಳಿದಿಲ್ಲವೆಂದು ಸಮಾಧಾನ ಪಡುವಂತೆಯೂ ಇಲ್ಲ. ಡಿಸ್ಕಿನಲ್ಲಿರುವ ಬರಹ ಸರಳವಾಗಿದ್ದರೆ ಅವನು ಅದನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿ ಎಲ್ಲವನ್ನೂ ಓದಿಬಿಡಬಲ್ಲನು.

ಈ ಅಪಾಯಕ್ಕೆ ಕಂಡುಕೊಂಡಿರುವ ಪರಿಹಾರವೇ ಎನ್‌ಕ್ರಿಪ್ಷನ್, ಎಂದರೆ ಡಿಸ್ಕಿನಲ್ಲಿರುವ ಸಮಸ್ತವನ್ನೂ ಗೂಢಲಿಪಿಗೆ ಮಾರ್ಪಡಿಸುವುದು. ಬೆಲ್ಜಿಯಂ ದೇಶದ ಯೋವಾನ್ ದಾಮೆನ್ ಮತ್ತು ವಿನ್ಸೆಂಟ್ ರೈಮೆನ್ ಎಂಬ ಇಬ್ಬರು ರಚಿಸಿದ ಗೂಢಲಿಪಿಯ ವಿಧಾನವೊಂದು 15 ವಿಧಾನಗಳ ಸ್ಪರ್ಧೆಯಲ್ಲಿ ಗೆದ್ದು, 2001ರಲ್ಲಿ ಅಮೆರಿಕ ಸರಕಾರದ ಅಂಗೀಕೃತ ಮಾನಕವಾಯಿತು. ‘ಎಇಎಸ್’ ಎಂದು ಅದರ ಹೆಸರು. ಅದರಲ್ಲಿ 128 ಬಿಟ್‌ಗಳ ಕೀಲಿಯನ್ನು ಬಳಸಿದರೆ, ಸಾಧ್ಯವಿರುವ ಕೀಲಿಗಳ ಸಂಖ್ಯೆಯನ್ನು ಬರೆಯಲು 3ರ ಮುಂದೆ ಇನ್ನೂ 38 ಅಂಕಿಗಳನ್ನು ಬರೆಯಬೇಕು. ಒಂದೊಂದಾಗಿ ತಿರುವಿ ನೋಡುತ್ತೇನೆಂದು ಹೊರಟ ಕಳ್ಳನಿಗೆ ಆಯುಸ್ಸು ಸಾಲದು.

ಕ್ಯಾಲಿಫೋರ್ನಿಯದ ಆಪಲ್ ಸಂಸ್ಥೆ ತನ್ನ ಯಂತ್ರಗಳಿಗೆ ಇಂತಹ ಬೀಗವನ್ನು 2003ರಲ್ಲಿ ಒದಗಿಸಿತು; ಅದಕ್ಕೆ ‘ಫೈಲ್‌ವಾಲ್ಟ್’ ಎಂಬ ಹೆಸರಿಟ್ಟಿತು. ಆಗ ಅದು ಬಳಕೆದಾರನ ಸ್ವಂತ ಕಡತಗಳಿಗೆ ಮಾತ್ರ ಹಾಕುವ ಬೀಗವಾಗಿತ್ತು. ಮನೆಗೆಲ್ಲ ಅಲ್ಲ, ಒಂದು ಕೋಣೆಗೆ ಮಾತ್ರ. 2011ರಲ್ಲಿ ಬಂದ ‘ಲಯನ್’ ಆವೃತ್ತಿಯಲ್ಲಿ ಆ ಏರ್ಪಾಡನ್ನೇ ಬದಲಿಸಿ, ಇಡೀ ಡಿಸ್ಕನ್ನು ಗೂಢಲಿಪಿಗೆ ತಿರುಗಿಸುವ ಹೊಸ ವಿಧಾನವನ್ನು ತಂದರು. ಅರ್ಧ ತಿರುಗಿ ನಿಲ್ಲುವ ಬೀಗದ ಕಥೆ ಹುಟ್ಟಿದ್ದು ಈ ಹೊಸ ವಿಧಾನದಿಂದಲೇ.

ಪರೀಕ್ಷೆಯ ಪ್ರತಿ

ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರ ‘ಬೀಟಾ’. ಒಂದು ತಂತ್ರಾಂಶವನ್ನು ರಚಿಸಿದವರು ತಮ್ಮ ಮನೆಯೊಳಗೆ ಪರೀಕ್ಷಿಸಿಕೊಳ್ಳುವ ಮೊದಲ ಪ್ರತಿ ‘ಆಲ್ಫಾ’; ಹೊರಗಿನವರ ಕೈಗೆ ಕೊಟ್ಟು ತಪ್ಪು ಹುಡುಕಿಸುವ ಎರಡನೆಯ ಪ್ರತಿ ‘ಬೀಟಾ’. ಅಚ್ಚಿಗೆ ಹೋಗುವ ಮುನ್ನ ಪುಸ್ತಕದ ಕರಡನ್ನು ತಿದ್ದಲು ಕೊಡುವುದುಂಟಲ್ಲವೆ? ಇದೂ ಅಂತಹುದೇ. ವ್ಯತ್ಯಾಸವೊಂದೇ: ಕರಡಿನಲ್ಲಿ ತಪ್ಪಿದ್ದರೆ ಓದುವವನ ಮನೆಗೆ ಕೇಡಿಲ್ಲ, ತಂತ್ರಾಂಶದಲ್ಲಿ ತಪ್ಪಿದ್ದರೆ ಅದನ್ನು ಪರೀಕ್ಷಿಸುವವನ ಕಡತಗಳೇ ಕೆಟ್ಟಾವು.

ಆಪಲ್ ಸಂಸ್ಥೆ 2000ದ ಸೆಪ್ಟೆಂಬರಿನಲ್ಲಿ ಇಂತಹ ಪರೀಕ್ಷೆಯ ಪ್ರತಿಯೊಂದನ್ನು 29 ಡಾಲರ್ 95 ಸೆಂಟಿಗೆ ಮಾರಿದ್ದುಂಟು. 2014ರ ಜುಲೈ 24ರಂದು ‘ಯೊಸೆಮಿಟಿ’ ಎಂಬ ಆವೃತ್ತಿಯ ಪರೀಕ್ಷೆಯ ಪ್ರತಿಯನ್ನು ಅದು ಬೆಲೆಯಿಲ್ಲದೆಯೇ ಸಾರ್ವಜನಿಕರಿಗೆ ನೀಡಿತು; ಮೊದಲು ಬಂದ ಹತ್ತು ಲಕ್ಷ ಮಂದಿಗೆ ಮಾತ್ರ ಎಂಬ ಮಿತಿಯನ್ನೂ ಹಾಕಿತು. ಸಿದ್ಧವಾದ ಆವೃತ್ತಿ ಹೊರಬಂದುದು ಅದೇ ವರ್ಷದ ಅಕ್ಟೋಬರ್ 16ರಂದು. ಈ ನಡುವಣ ಹನ್ನೆರಡು ವಾರಗಳಲ್ಲಿ, ನಿತ್ಯದ ಕೆಲಸಕ್ಕೆ ಬಳಸುವ ಯಂತ್ರದಲ್ಲಿ ಇದನ್ನು ಹಾಕಬೇಡಿರಿ, ಹಾಕುವ ಮೊದಲು ಕಡತಗಳ ಪ್ರತಿಯನ್ನು ತೆಗೆದಿಡಿರಿ ಎಂದು ಸಂಸ್ಥೆಯೇ ಎಚ್ಚರಿಸಿತ್ತು. ಆದರೆ ಹೊಸದನ್ನು ಎಲ್ಲರಿಗಿಂತ ಮೊದಲು ನೋಡುವ ಚಪಲಕ್ಕೆ ಎಚ್ಚರಿಕೆಯ ಮಾತು ರುಚಿಸುವುದು ಅಪರೂಪ.

ಆ ದಿನಗಳಲ್ಲಿ ಅಮೆರಿಕದ ಯಾವುದಾದರೊಂದು ವಿಶ್ವವಿದ್ಯಾಲಯದಲ್ಲಿದ್ದ ಸಂಶೋಧನ ವಿದ್ಯಾರ್ಥಿಯೊಬ್ಬನನ್ನು ಓದುಗರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಅವನ ಲ್ಯಾಪ್‌ಟಾಪ್ 2012ರಲ್ಲಿ ಕೊಂಡದ್ದು. ಒಳಗಿರುವುದು 500 ಗಿಗಾಬೈಟುಗಳ ತಿರುಗುವ ಡಿಸ್ಕು. ಅದರಲ್ಲಿ ಮೂರು ವರ್ಷ ದುಡಿದು ಬರೆದ ಪ್ರಬಂಧವಿದೆ, ಮದುವೆಯ ಚಿತ್ರಗಳಿವೆ. ಯೊಸೆಮಿಟಿಯ ಪರೀಕ್ಷೆಯ ಪ್ರತಿಯನ್ನು ಅವನು ಅದೇ ಯಂತ್ರದಲ್ಲಿ ಹಾಕಿದ್ದಾನೆ. ಹಾಕಿದ ಮೇಲೆ ಫೈಲ್‌ವಾಲ್ಟ್ ಬೀಗವನ್ನೂ ಹಾಕಿಬಿಡೋಣವೆಂದು ಗುಂಡಿಯನ್ನು ಒತ್ತಿದ್ದಾನೆ. ಪರದೆಯ ಮೇಲೆ ನೀಲಿಯ ಪಟ್ಟಿಯೊಂದು ನಿಧಾನವಾಗಿ ಬೆಳೆಯುತ್ತದೆ, ಮೂರನೆಯ ಒಂದು ಭಾಗ ದಾಟುತ್ತದೆ, ನಿಲ್ಲುತ್ತದೆ. ಕೆಳಗೆ ಒಂದು ಮಾತು ಕಾಣಿಸಿಕೊಳ್ಳುತ್ತದೆ: ‘ಎನ್‌ಕ್ರಿಪ್ಷನ್ ಪಾಸ್ಡ್’, ಕಾರ್ಯ ತಡೆದು ನಿಂತಿದೆ.

ಬೆಳಗಾದರೂ ಪಟ್ಟಿ ಅಲ್ಲಿಯೇ ಇದೆ. ಬೀಗ ಬೇಡವೆಂದು ಹಿಂದಕ್ಕೆ ತಿರುಗಿಸಲು ನೋಡಿದರೆ ಅದಕ್ಕೂ ಅವಕಾಶವಿಲ್ಲ. ಒಮ್ಮೆ ಆರಂಭವಾದ ಎನ್‌ಕ್ರಿಪ್ಷನ್ ಪೂರ್ತಿ ಮುಗಿಯುವವರೆಗೆ ಫೈಲ್‌ವಾಲ್ಟನ್ನು ತೆಗೆಯಲು ಬರುವುದಿಲ್ಲವೆಂಬುದೇ ಅದರ ನಿಯಮ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

“ಇದರ ಪ್ರತಿ ಬೇರೆ ಎಲ್ಲಿಯಾದರೂ ಇದೆಯೆ?” ಎಂದು ಹೆಂಡತಿ ಕೇಳುತ್ತಾಳೆ.

ಅವನು ಉತ್ತರ ಹೇಳುವುದಿಲ್ಲ.

ಬೀಗದ ಒಳಗುಟ್ಟು

ಇಲ್ಲಿ ಗಾಬರಿಯಾಗುವ ಮುನ್ನ, ಯಂತ್ರದೊಳಗೆ ನಡೆಯುತ್ತಿರುವುದೇನೆಂಬುದನ್ನು ತಿಳಿಯುವುದು ಒಳ್ಳೆಯದು. ತಿಳಿವಳಿಕೆಯಿಂದ ಅರ್ಧ ಭಯ ತಾನಾಗಿ ಹೋಗುತ್ತದೆ.

ಡಿಸ್ಕು ಲಕ್ಷಾಂತರ ಚಿಕ್ಕ ಚಿಕ್ಕ ಮನೆಗಳಾಗಿ ವಿಭಾಗಗೊಂಡಿರುತ್ತದೆ. ಎನ್‌ಕ್ರಿಪ್ಷನ್ ಮಾಡುವ ತಂತ್ರಾಂಶವು ಮೊದಲ ಮನೆಯಲ್ಲಿರುವುದನ್ನು ಓದಿ, ಗೂಢಲಿಪಿಗೆ ತಿರುಗಿಸಿ, ಮತ್ತೆ ಅಲ್ಲಿಯೇ ಬರೆದಿಡುತ್ತದೆ. ಅನಂತರ ಎರಡನೆಯ ಮನೆ, ಅನಂತರ ಮೂರನೆಯದು. ಸೆಕೆಂಡಿಗೆ 30 ಮೆಗಾಬೈಟುಗಳಂತೆ ಕೆಲಸ ಸಾಗುತ್ತದೆಯೆಂದು ಹಿಡಿದರೂ 500 ಗಿಗಾಬೈಟುಗಳು ಮುಗಿಯಲು ನಾಲ್ಕೂವರೆ ಗಂಟೆಗಿಂತ ಹೆಚ್ಚು ಕಾಲ ಬೇಕು. ಬಳಕೆದಾರನು ಜೊತೆಯಲ್ಲೇ ತನ್ನ ಕೆಲಸವನ್ನೂ ಮಾಡುತ್ತಿದ್ದರೆ ಅದಕ್ಕಿಂತ ಬಹಳ ಹೆಚ್ಚು. ಆದುದರಿಂದ ಒಂದೆರಡು ಗಂಟೆಗಳಲ್ಲಿ ಮುಗಿಯಲಿಲ್ಲವೆಂದ ಮಾತ್ರಕ್ಕೆ ಕೆಲಸ ಕೆಟ್ಟಿತೆಂದು ತಿಳಿಯಬಾರದು.

ಎಲ್ಲಿಯವರೆಗೆ ಕೆಲಸ ಮುಗಿದಿದೆಯೆಂಬ ಗುರುತನ್ನು ಯಂತ್ರ ಡಿಸ್ಕಿನಲ್ಲಿಯೇ ಬರೆದಿಟ್ಟುಕೊಳ್ಳುತ್ತದೆ. ಪುರಾಣ ಓದುವವನು ಎದ್ದು ಹೋಗುವಾಗ ಪುಟದ ನಡುವೆ ನವಿಲುಗರಿಯನ್ನು ಇಡುವಂತೆ ಇದು. ಗುರುತಿನ ಈಚಿನ ಮನೆಗಳು ಗೂಢಲಿಪಿಯಲ್ಲಿವೆ, ಆಚಿನವು ಹಳೆಯ ಸರಳ ಲಿಪಿಯಲ್ಲಿವೆ. ಎರಡನ್ನೂ ಓದುವ ಬಗೆ ಯಂತ್ರಕ್ಕೆ ಗೊತ್ತು. ಈ ಕಾರಣದಿಂದಲೇ ಬೀಗ ಅರ್ಧದಲ್ಲಿ ನಿಂತಿದ್ದರೂ ಕಡತಗಳು ಎಂದಿನಂತೆ ತೆರೆದುಕೊಳ್ಳುತ್ತವೆ, ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದರೂ ಕೆಲಸ ನಿಂತ ಸ್ಥಳದಿಂದಲೇ ಮುಂದುವರಿಯಬಲ್ಲುದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬಳಕೆದಾರನ ಪಾಸ್‌ವರ್ಡ್ ನೇರವಾಗಿ ಡಿಸ್ಕಿನ ಕೀಲಿಯಲ್ಲ. ಡಿಸ್ಕಿನ ನಿಜವಾದ ಕೀಲಿ ಒಂದು ಪುಟ್ಟ ಕರಡಿಗೆಯೊಳಗೆ ಇರುತ್ತದೆ; ಪಾಸ್‌ವರ್ಡ್ ಆ ಕರಡಿಗೆಯನ್ನು ತೆರೆಯುತ್ತದೆ. ಅದೇ ಕರಡಿಗೆಯನ್ನು ತೆರೆಯಬಲ್ಲ ಎರಡನೆಯ ಸಾಧನವೊಂದನ್ನು ಫೈಲ್‌ವಾಲ್ಟ್ ಆರಂಭದಲ್ಲಿಯೇ ಕೊಡುತ್ತದೆ. ನಾಲ್ಕು ನಾಲ್ಕರ ಆರು ಗುಂಪುಗಳಲ್ಲಿ 24 ಅಕ್ಷರ ಮತ್ತು ಅಂಕಿಗಳಿರುವ ಆ ಸಾಲಿಗೆ ‘ರಿಕವರಿ ಕೀ’ ಎಂದು ಹೆಸರು. ಪಾಸ್‌ವರ್ಡ್ ಮರೆತು, ಈ ಸಾಲನ್ನೂ ಕಳೆದುಕೊಂಡು, ಬೇರಾವ ಏರ್ಪಾಡನ್ನೂ ಮಾಡಿಕೊಳ್ಳದವನಿಗೆ ಯಂತ್ರವನ್ನು ತಯಾರಿಸಿದವರೂ ಸಹಾಯ ಮಾಡಲಾರರು. ಅದು ಬೀಗದ ದೋಷವಲ್ಲ. ಬೀಗ ಚೆನ್ನಾಗಿದೆಯೆಂಬುದಕ್ಕೆ ಸಾಕ್ಷಿ. ಅಷ್ಟಾದರೂ ಅನೇಕರು ಇದನ್ನು ಬರೆದಿಟ್ಟುಕೊಳ್ಳುವುದು ಅದೇ ಯಂತ್ರದೊಳಗಿನ ಕಡತವೊಂದರಲ್ಲಿ. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದಂತೆ!

ಮೊದಲ ಕೆಲಸ

ಹಾಗಾದರೆ ಆ ವಿದ್ಯಾರ್ಥಿ ಮೊದಲು ಮಾಡಬೇಕಾದುದೇನು? ಬೀಗವನ್ನು ಸರಿಪಡಿಸುವುದಲ್ಲ. ಕಡತಗಳು ಇನ್ನೂ ತೆರೆದುಕೊಳ್ಳುತ್ತಿರುವಾಗಲೇ ಅವುಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳುವುದು. ಆಪಲ್ ಯಂತ್ರಗಳಲ್ಲಿ 2007ರಿಂದ ಇರುವ ‘ಟೈಮ್ ಮಷೀನ್’ ಎಂಬ ಸೌಲಭ್ಯ ಈ ಕೆಲಸವನ್ನು ತಾನಾಗಿ ಮಾಡುತ್ತದೆ. ಆದರೆ ಪರೀಕ್ಷೆಯ ಪ್ರತಿಯನ್ನು ಹಾಕಿಕೊಂಡವನು ಅದೊಂದನ್ನೇ ನೆಚ್ಚಬಾರದು. ಹೊಸ ಆವೃತ್ತಿಯಲ್ಲಿ ತೆಗೆದ ಸಂಗ್ರಹವನ್ನು ಹಳೆಯ ಆವೃತ್ತಿಯ ಮೇಲೆ ಇಡಿಯಾಗಿ ಮರಳಿಸಲು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಪ್ರಬಂಧ, ಚಿತ್ರ, ಲೆಕ್ಕಪತ್ರ ಮೊದಲಾದವನ್ನು ಸಾಧಾರಣ ಕಡತಗಳಾಗಿ ಪ್ರತ್ಯೇಕವಾಗಿಯೂ ನಕಲು ಮಾಡಿಟ್ಟುಕೊಳ್ಳತಕ್ಕದ್ದು.

ನಕಲು ಮುಗಿಯಿತೆಂದು ಯಂತ್ರ ಹೇಳಿದರೆ ಸಾಲದು. ಆ ಹೊರಗಿನ ಡಿಸ್ಕನ್ನು ಬೇರೊಬ್ಬರ ಯಂತ್ರಕ್ಕೆ ಜೋಡಿಸಿ, ನಾಲ್ಕಾರು ಕಡತಗಳನ್ನು ತೆರೆದು ನೋಡಬೇಕು. ತೆರೆದು ನೋಡದ ನಕಲು, ಎಣಿಸಿಕೊಳ್ಳದ ಹಣದಂತೆ. ಇದೆಯೆಂಬ ನಂಬಿಕೆಯಷ್ಟೇ ಕೈಯಲ್ಲಿರುತ್ತದೆ.

ಇಲ್ಲಿಯೂ ಒಂದು ಸೂಕ್ಷ್ಮವುಂಟು. ಗೂಢಲಿಪಿಯಲ್ಲಿರುವ ಡಿಸ್ಕಿನಿಂದ ತೆಗೆದ ನಕಲು ತಾನಾಗಿ ಗೂಢಲಿಪಿಯಲ್ಲಿ ಇರುವುದಿಲ್ಲ. ನಕಲನ್ನೂ ಬೀಗದಲ್ಲಿಡಬೇಕೆಂದು ಟೈಮ್ ಮಷೀನಿಗೆ ಬೇರೆಯಾಗಿ ತಿಳಿಸಬೇಕು. ಅಷ್ಟನ್ನು ಮರೆತರೆ, ಮುಂಬಾಗಿಲಿಗೆ ಉಕ್ಕಿನ ಬೀಗ ಜಡಿದು ಹಿತ್ತಲ ಬಾಗಿಲನ್ನು ತೆರೆದಿಟ್ಟಂತೆ ಆಗುವುದು.

ಏಕೆ ನಿಂತಿತು?

ಪ್ರತಿ ಕೈಸೇರಿದ ಮೇಲೆ ಬೀಗದ ಬಳಿಗೆ ಬರಬಹುದು. ಈಗ ಕೈ ನಡುಗುವುದಿಲ್ಲ. ವೈದ್ಯನು ರೋಗಿಯನ್ನು ನೋಡುವಂತೆ, ಸರಳವಾದ ಕಾರಣದಿಂದ ಮೊದಲುಮಾಡಿ ಕಠಿಣವಾದುದರ ಕಡೆಗೆ ಒಂದೊಂದಾಗಿ ಹೋಗಬೇಕು.

ಮೊದಲನೆಯದು, ನಿಜವಾಗಿಯೂ ನಿಂತಿದೆಯೆ ಎಂಬ ಪ್ರಶ್ನೆ. ಪರದೆಯ ಪಟ್ಟಿ ಒಂದು ಸೂಚನೆ ಮಾತ್ರ. ಪರೀಕ್ಷೆಯ ತಂತ್ರಾಂಶದಲ್ಲಿ ಸೂಚನೆಯೇ ತಪ್ಪಾಗಿರಬಹುದು. ಯೊಸೆಮಿಟಿಯಂತಹ ಆವೃತ್ತಿಗಳಲ್ಲಿ ‘ಟರ್ಮಿನಲ್’ ಎಂಬ ಕಿಟಕಿಯನ್ನು ತೆರೆದು ‘ಡಿಸ್ಕ್‌ಯುಟಿಲ್ ಸಿಎಸ್ ಲಿಸ್ಟ್’ ಎಂಬ ಅಪ್ಪಣೆಯನ್ನು ಕೊಟ್ಟರೆ, ಪರಿವರ್ತನೆ ಯಾವ ದಿಕ್ಕಿನಲ್ಲಿ ಎಷ್ಟು ದೂರ ನಡೆದಿದೆಯೆಂಬುದನ್ನು ಯಂತ್ರ ನೇರವಾಗಿ ಹೇಳುತ್ತದೆ. ಈ ಅಪ್ಪಣೆ ಕೇಳುವುದಷ್ಟೇ ಹೊರತು ಏನನ್ನೂ ಬದಲಿಸುವುದಿಲ್ಲ. ಆದುದರಿಂದ ಭಯಕ್ಕೆ ಕಾರಣವಿಲ್ಲ. ಅಲ್ಲಿ ಕಂಡ ಅಂಕಿಯನ್ನು ಕಾಗದದ ಮೇಲೆ ಗುರುತುಹಾಕಿಕೊಂಡು ಒಂದು ಗಂಟೆ ಬಿಟ್ಟು ಮತ್ತೆ ಕೇಳಬೇಕು. ಅಂಕಿ ಏರಿದ್ದರೆ ನಿಂತಿರುವುದು ಪಟ್ಟಿ ಮಾತ್ರ, ಬೀಗವಲ್ಲ. ಆಗ ಬೇಕಾದ ಔಷಧ ತಾಳ್ಮೆಯೊಂದೇ.

ಎರಡನೆಯದು ವಿದ್ಯುತ್ತು. ಲ್ಯಾಪ್‌ಟಾಪು ಗೋಡೆಯ ವಿದ್ಯುತ್ತಿಗೆ ಜೋಡಿಸಿರುವಾಗ ಮಾತ್ರ ಈ ಪರಿವರ್ತನೆ ನಡೆಯುತ್ತದೆ. ಬ್ಯಾಟರಿಯ ಮೇಲೆ ನಡೆಯುವಾಗ ಬೇಕೆಂದೇ ತಡೆದು ನಿಲ್ಲುತ್ತದೆ. ನಡುದಾರಿಯಲ್ಲಿ ಬ್ಯಾಟರಿ ಬರಿದಾಗಬಾರದೆಂಬ ಮುಂದಾಲೋಚನೆ ಇದು. ಆಗಿನ ಲ್ಯಾಪ್‌ಟಾಪುಗಳ ತಂತಿಯ ತುದಿ ಅಯಸ್ಕಾಂತದಿಂದ ಅಂಟಿಕೊಳ್ಳುವಂತಹುದು. ಅದರ ಮೇಲಿನ ಪುಟ್ಟ ದೀಪ ಹಸುರಾಗಿಯೋ ಕಿತ್ತಳೆಯಾಗಿಯೋ ಬೆಳಗುತ್ತಿರಬೇಕು. ದೀಪವೇ ಆರಿದ್ದರೆ ತಂತಿಯನ್ನೂ ಗೋಡೆಯ ಸ್ವಿಚ್ಚನ್ನೂ ನೋಡಬೇಕು. ದೀಪ ಬೆಳಗುತ್ತಿದ್ದರೂ ಯಂತ್ರವು ತಾನು ಬ್ಯಾಟರಿಯ ಮೇಲಿದ್ದೇನೆಂದು ತಪ್ಪು ತಿಳಿದಿದ್ದರೆ, ವಿದ್ಯುತ್ತಿನ ಉಸ್ತುವಾರಿ ನೋಡುವ ಒಳಗಿನ ಪುಟ್ಟ ಭಾಗವನ್ನು ಹೊಸದಾಗಿ ಎಬ್ಬಿಸಬೇಕಾಗುತ್ತದೆ. ಆ ಕಾಲದ ಲ್ಯಾಪ್‌ಟಾಪುಗಳಲ್ಲಿ ಯಂತ್ರವನ್ನು ಆರಿಸಿ, ತಂತಿಯನ್ನು ಜೋಡಿಸಿಟ್ಟು, ಎಡಗಡೆಯ ಶಿಫ್ಟ್, ಕಂಟ್ರೋಲ್, ಆಪ್ಷನ್ ಎಂಬ ಮೂರು ಕೀಲಿಗಳನ್ನು ವಿದ್ಯುತ್ ಗುಂಡಿಯೊಡನೆ ಒಟ್ಟಿಗೆ ಒತ್ತಿಬಿಟ್ಟರೆ ಆ ಕೆಲಸ ಆಗುತ್ತಿತ್ತು.

ಮೂರನೆಯದು ನಿದ್ದೆ. ಯಂತ್ರ ನಿದ್ರಿಸಿದರೆ ಪರಿವರ್ತನೆಯೂ ನಿದ್ರಿಸುತ್ತದೆ. ರಾತ್ರಿ ಮುಚ್ಚಳ ಮುಚ್ಚಿಟ್ಟು ಮಲಗಿ, ಬೆಳಗ್ಗೆ ಎದ್ದು ಕೆಲಸ ಮುಂದುವರಿದಿಲ್ಲವೆಂದು ದೂರುವವನು ತಾನೇ ಯಂತ್ರವನ್ನು ಮಲಗಿಸಿದ್ದನ್ನು ಮರೆತಿರುತ್ತಾನೆ. ಯಂತ್ರವನ್ನು ಎಚ್ಚರವಾಗಿಡಲು ಒಂದು ಅಪ್ಪಣೆಯೇ ಉಂಟು. ಕಾಫಿಯಲ್ಲಿರುವ ಕೆಫೀನಿನ ಹೆಸರನ್ನೇ ಅದಕ್ಕಿಟ್ಟು ‘ಕ್ಯಾಫಿನೇಟ್’ ಎಂದು ಕರೆದಿದ್ದಾರೆ. ಕಾಫಿ ಕುಡಿದ ಮನುಷ್ಯನಂತೆ ಯಂತ್ರವೂ ರಾತ್ರಿಯೆಲ್ಲ ಕಣ್ಣು ಮುಚ್ಚದೆ ದುಡಿಯುತ್ತದೆ. ಮುಚ್ಚಳವನ್ನು ಮಾತ್ರ ತೆರೆದೇ ಇಡಬೇಕು.

ನಾಲ್ಕನೆಯದು ಡಿಸ್ಕಿನ ಲೆಕ್ಕದ ಪುಸ್ತಕ. ಯಾವ ಕಡತ ಯಾವ ಮನೆಯಲ್ಲಿದೆಯೆಂಬ ಪಟ್ಟಿಯಲ್ಲಿ ತೊಡಕುಗಳಿದ್ದರೆ ಪರಿವರ್ತನೆ ಅಲ್ಲಿ ಮುಗ್ಗರಿಸಬಹುದು. ಯಂತ್ರವನ್ನು ಹೊತ್ತಿಸುವಾಗ ಕಮಾಂಡ್ ಮತ್ತು ‘ಆರ್’ ಕೀಲಿಗಳನ್ನು ಒತ್ತಿಹಿಡಿದರೆ ಆಗಿನ ಯಂತ್ರಗಳು ‘ರಿಕವರಿ’ ಎಂಬ ಪ್ರತ್ಯೇಕ ವಿಭಾಗದಿಂದ ಏಳುತ್ತಿದ್ದವು. ಅಲ್ಲಿರುವ ‘ಡಿಸ್ಕ್ ಯುಟಿಲಿಟಿ’ಯಲ್ಲಿ ಪಾಸ್‌ವರ್ಡ್ ಕೊಟ್ಟು ಡಿಸ್ಕನ್ನು ತೆರೆದು, ಮೊದಲು ಪರಿಶೀಲನೆಯನ್ನೂ ಅಗತ್ಯವಿದ್ದರೆ ದುರಸ್ತಿಯನ್ನೂ ಮಾಡಿಸಬೇಕು. ಮನೆಯವರು ಓಡಾಡುತ್ತಿರುವಾಗ ನೆಲಕ್ಕೆ ಗಾರೆ ಹಾಕಲಾಗದಷ್ಟೆ. ಬಳಕೆಯಲ್ಲಿರುವ ಡಿಸ್ಕಿಗೂ ಹಾಗೆಯೇ. ಆದುದರಿಂದಲೇ ಹೊರಗಿನ ವಿಭಾಗದಿಂದ ಎದ್ದು ಈ ಕೆಲಸ ಮಾಡುವುದು.

ಐದನೆಯದು, ಎಲ್ಲಕ್ಕಿಂತ ಗಂಭೀರವಾದುದು, ಡಿಸ್ಕಿನ ದೇಹಸ್ಥಿತಿ. ದಿನನಿತ್ಯದ ಬಳಕೆಯಲ್ಲಿ ಯಂತ್ರ ಡಿಸ್ಕಿನ ಎಲ್ಲ ಮನೆಗಳನ್ನೂ ಮುಟ್ಟುವುದಿಲ್ಲ. ಎರಡು ವರ್ಷಗಳಿಂದ ಯಾರೂ ನೋಡದ ಚಿತ್ರವೊಂದು ಕುಳಿತಿರುವ ಮನೆ ಹಾಳಾಗಿದ್ದರೂ ಯಾರಿಗೂ ತಿಳಿಯುವುದಿಲ್ಲ. ಎನ್‌ಕ್ರಿಪ್ಷನ್ ಹಾಗಲ್ಲ. ಅದು ಜನಗಣತಿಯವನಂತೆ ಪ್ರತಿಯೊಂದು ಮನೆಯ ಬಾಗಿಲನ್ನೂ ತಟ್ಟುತ್ತದೆ. ಎಲ್ಲಿ ಉತ್ತರ ಬರುವುದಿಲ್ಲವೋ ಅಲ್ಲಿ ನಿಲ್ಲಬಹುದು. ಡಿಸ್ಕು ತನ್ನ ಆರೋಗ್ಯವನ್ನು ತಾನೇ ಪರೀಕ್ಷಿಸಿಕೊಂಡು ‘ಸ್ಮಾರ್ಟ್’ ಎಂಬ ಹೆಸರಿನ ವರದಿಯೊಂದನ್ನು ಇಟ್ಟಿರುತ್ತದೆ. ಡಿಸ್ಕ್ ಯುಟಿಲಿಟಿಯಲ್ಲಿ ಅದನ್ನು ನೋಡಬಹುದು. ಅಲ್ಲಿ ‘ಫೇಲಿಂಗ್’ ಎಂದಿದ್ದರೆ ಡಿಸ್ಕಿನ ಅಂತ್ಯಕಾಲ ಸಮೀಪಿಸಿತೆಂದೇ ಅರ್ಥ.

ಮೇಲೆ ಕಲ್ಪಿಸಿಕೊಂಡ ವಿದ್ಯಾರ್ಥಿಯ ಯಂತ್ರದಲ್ಲಿ ಆ ಮಾತೇ ಕಾಣಿಸಿತೆಂದು ಇಟ್ಟುಕೊಳ್ಳಬಹುದು. ಪ್ರತಿ ತೆಗೆಯದೆ ಅವನು ಮೂರು ದಿನ ಬೀಗದೊಡನೆ ಗುದ್ದಾಡಿದ್ದರೆ, ಸಾಯುತ್ತಿರುವ ಡಿಸ್ಕಿನಿಂದ ಮೂರು ದಿನ ಬಿಟ್ಟಿ ದುಡಿಮೆ ಮಾಡಿಸಿ, ಕೊನೆಗೆ ಪ್ರಬಂಧವನ್ನೂ ಚಿತ್ರಗಳನ್ನೂ ಅದರೊಡನೆ ಕಳೆದುಕೊಳ್ಳುತ್ತಿದ್ದನು. ಮೊದಲೇ ಪ್ರತಿ ತೆಗೆದುದರಿಂದ ಅವನಿಗೆ ಹೋದುದು ಡಿಸ್ಕೊಂದೇ. ಅದನ್ನು ಬಿಚ್ಚಿ ಹೊಸದನ್ನು ಕೂರಿಸಿದರಾಯಿತು. ಆ ಕಾಲದ ಅಂತಹ ಯಂತ್ರದಲ್ಲಿ ಅದು ಕಷ್ಟದ ಕೆಲಸವೂ ಆಗಿರಲಿಲ್ಲ. ಬೀಗ ನಿಂತುದು ಅವನಿಗೆ ವಿಘ್ನವೆಂದು ತೋರಿತ್ತು. ನಿಜವಾಗಿ ಅದು ಎಚ್ಚರಿಕೆಯಾಗಿತ್ತು.

ಉಳಿದ ಒಂದು ದಾರಿ

ವಿದ್ಯುತ್ತು ಸರಿಯಿದೆ, ಯಂತ್ರ ಎಚ್ಚರವಿದೆ, ಲೆಕ್ಕದ ಪುಸ್ತಕವೂ ಡಿಸ್ಕೂ ನೆಟ್ಟಗಿವೆ. ಆದರೂ ಅಂಕಿ ಏರುವುದಿಲ್ಲವೆಂದರೆ ದೋಷ ಪರೀಕ್ಷೆಯ ಪ್ರತಿಯಲ್ಲಿಯೇ ಇರಬಹುದೆಂದು ಸಂದೇಹಿಸಬೇಕಾಗುತ್ತದೆ. ಯೊಸೆಮಿಟಿಯ ಕಾಲದಲ್ಲಿ ಹೀಗೆ ಎಲ್ಲವೂ ಸರಿಯಿದ್ದು ‘ತಡೆದು ನಿಂತಿದೆ’ ಎಂಬ ಮಾತನ್ನೇ ನೋಡುತ್ತ ಕುಳಿತವರು ಒಬ್ಬಿಬ್ಬರಲ್ಲ.

ಇಂತಹವರಿಗೆ ಎರಡು ದಾರಿಗಳು. ಒಂದು, ದೋಷವನ್ನು ತಯಾರಕರಿಗೆ ವರದಿಮಾಡಿ ಮುಂದಿನ ಪ್ರತಿಗಾಗಿ ಕಾಯುವುದು. ಪರೀಕ್ಷೆಯ ಪ್ರತಿಯೊಡನೆ ‘ಫೀಡ್‌ಬ್ಯಾಕ್ ಅಸಿಸ್ಟೆಂಟ್’ ಎಂಬ ಸಾಧನವನ್ನು ಕೊಟ್ಟಿರುವುದೇ ಇದಕ್ಕಾಗಿ. ಉಚಿತವಾಗಿ ಬಂದ ತಂತ್ರಾಂಶಕ್ಕೆ ಬಳಕೆದಾರನು ಕೊಡಬೇಕಾದ ಬೆಲೆ ಈ ವರದಿಯೇ. ಗೊಣಗಿಕೊಂಡು ಸುಮ್ಮನಾದವನು ಸಾಲ ತೀರಿಸದವನಂತೆ. ಎರಡನೆಯದು, ಡಿಸ್ಕನ್ನು ಪೂರ್ತಿಯಾಗಿ ಅಳಿಸಿ, ಸಿದ್ಧವಾದ ಆವೃತ್ತಿಯನ್ನು ಹಾಕಿ, ಕಡತಗಳನ್ನು ಪ್ರತಿಯಿಂದ ಮರಳಿ ತರುವುದು. 2014ರ ಬೇಸಗೆಯಲ್ಲಿ ಹೀಗೆ ಮಾಡಿದವನು ಹಿಂದಿನ ವರ್ಷದ ‘ಮ್ಯಾವರಿಕ್ಸ್’ ಆವೃತ್ತಿಗೆ ಮರಳಬೇಕಾಗುತ್ತಿತ್ತು. ಖಂಡಿತವಾದ ದಾರಿ ಇದು; ಆದರೆ ಪ್ರತಿಯಿಲ್ಲದವನಿಗೆ ಇದು ದಾರಿಯಲ್ಲ, ಪ್ರಪಾತ.

ಮಾಡಬಾರದ ಕೆಲಸಗಳನ್ನೂ ಹೇಳಿಬಿಡುವುದು ಒಳ್ಳೆಯದು. ಸಿಟ್ಟಿನಿಂದ ವಿದ್ಯುತ್ ಗುಂಡಿಯನ್ನು ಒತ್ತಿಹಿಡಿದು ಯಂತ್ರವನ್ನು ಮತ್ತೆ ಮತ್ತೆ ಕೊಲ್ಲಬಾರದು. ಗುರುತಿನ ನವಿಲುಗರಿ ಇದ್ದರೂ ಪುಟವನ್ನು ಎಳೆದಾಡಿದರೆ ಹರಿಯುವ ಭಯವುಂಟು. ಯಾರೋ ಎಲ್ಲಿಯೋ ಬರೆದ, ತನಗೆ ಅರ್ಥವಾಗದ ಅಪ್ಪಣೆಯನ್ನು ಟರ್ಮಿನಲಿನಲ್ಲಿ ಕೊಡಬಾರದು. ನಿಂತ ಬೀಗದ ಮೇಲೆಯೇ, ಪ್ರತಿ ತೆಗೆಯದೆ, ಇನ್ನೊಂದು ಪರೀಕ್ಷೆಯ ಪ್ರತಿಯನ್ನು ಹಾಕಬಾರದು. ಅರ್ಧ ಬೀಗ ಹಾಕಿದ ಯಂತ್ರವನ್ನು ಭದ್ರವೆಂದು ನಂಬಿ ಪ್ರಯಾಣಕ್ಕೆ ಒಯ್ಯಲೂಬಾರದು; ಗುರುತಿನ ಆಚೆಗಿನ ಭಾಗ ಕಳ್ಳನಿಗೆ ಇನ್ನೂ ತೆರೆದ ಪುಸ್ತಕವೇ.

ಇಂದಿನ ಸ್ಥಿತಿ

ಯೊಸೆಮಿಟಿಯ ಕಾಲ ಕಳೆದಿದೆ. ಆಪಲ್ ಸಂಸ್ಥೆ 2017ರಲ್ಲಿ ಡಿಸ್ಕಿನ ಲೆಕ್ಕ ಇಡುವ ವಿಧಾನವನ್ನೇ ಬದಲಿಸಿತು. 2020ರಿಂದ ಅದು ತನ್ನದೇ ಚಿಪ್ಪುಗಳನ್ನು ಹಾಕಿ ಮಾರುತ್ತಿರುವ ಗಣಕಗಳಲ್ಲಿ ಒಳಗಿನ ಸಂಗ್ರಹವು ಮೊದಲಿನಿಂದಲೂ ಗೂಢಲಿಪಿಯಲ್ಲಿಯೇ ಇರುತ್ತದೆ. ಫೈಲ್‌ವಾಲ್ಟ್ ಹಾಕಿದಾಗ ಆ ಕೀಲಿಯ ಕರಡಿಗೆಗೆ ಪಾಸ್‌ವರ್ಡಿನ ಕಾವಲು ಸೇರುತ್ತದೆ, ಅಷ್ಟೆ. ಮನೆ ಮನೆ ತಟ್ಟುವ ದೀರ್ಘ ಯಾತ್ರೆಯೇ ಇಲ್ಲದಿರುವಾಗ ನಡುದಾರಿಯಲ್ಲಿ ನಿಲ್ಲುವ ಮಾತೂ ಇಲ್ಲ. ಆದರೆ ಹಳೆಯ ಯಂತ್ರಗಳು ಅನೇಕ ಮನೆಗಳಲ್ಲಿ ಇನ್ನೂ ದುಡಿಯುತ್ತಿವೆ. ಹೊರಗಿನಿಂದ ಜೋಡಿಸುವ ಡಿಸ್ಕುಗಳಿಗೆ ಬೀಗ ಹಾಕುವಾಗ ಆ ಯಾತ್ರೆ ಇಂದಿಗೂ ಉಂಟು. ವಿಂಡೋಸ್ ಯಂತ್ರಗಳ ‘ಬಿಟ್‌ಲಾಕರ್’ ಎಂಬ ಬೀಗವೂ ಇದೇ ಜಾತಿಯದು. ಅದರ ರಿಕವರಿ ಕೀಲಿ 48 ಅಂಕಿಗಳ ಸಾಲು.

ಆ ಸಾಲಿನ ಬೆಲೆಯೇನೆಂಬುದನ್ನು ಲೋಕ 2024ರ ಜುಲೈ 19ರಂದು ಕಂಡಿತು. ಭದ್ರತೆಯ ತಂತ್ರಾಂಶವೊಂದರ ದೋಷಯುಕ್ತ ತಿದ್ದುಪಡಿಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಗೇ ಕೆಟ್ಟುನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿಗಳನ್ನು ಕೊಡಬೇಕಾಯಿತು. ಚಿಕಿತ್ಸೆ ಬಹು ಸರಳವಾಗಿತ್ತು: ಕೆಟ್ಟ ಕಡತವೊಂದನ್ನು ಅಳಿಸಿದರೆ ಸಾಕು. ಆದರೆ ಬಿಟ್‌ಲಾಕರ್ ಹಾಕಿದ್ದ ಅನೇಕ ಯಂತ್ರಗಳಲ್ಲಿ ಆ ಕಡತದ ಬಳಿಗೆ ಹೋಗಬೇಕಾದರೆ ಮೊದಲು 48 ಅಂಕಿಗಳನ್ನು ಕೊಡಬೇಕಾಗಿತ್ತು. ಕೀಲಿಯನ್ನು ಕ್ರಮವಾಗಿ ಬೇರೆಡೆ ಬರೆದಿಟ್ಟವರು ಬೇಗನೆ ಪಾರಾದರು. ಉಳಿದವರು ಮೊದಲು ಕೀಲಿಯನ್ನು ಹುಡುಕಲು ಹೊರಟರು.

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಈ ವಾರ ಮಾಡಬಹುದಾದ ಎರಡು ಕೆಲಸಗಳುಂಟು. ಯಂತ್ರದ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದು, ಆಸ್ತಿಪತ್ರಗಳೊಡನೆ ಇಡುವುದು ಒಂದು. ಬೇಕಾದ ಕಡತಗಳ ನಕಲನ್ನು ಹೊರಗಿನ ಡಿಸ್ಕಿಗೆ ಇಳಿಸಿ, ತೆರೆದು ನೋಡಿ, ಬೇರೆ ಕಡೆ ಇಡುವುದು ಇನ್ನೊಂದು. ಎರಡಕ್ಕೂ ಸೇರಿ ಒಂದು ಭಾನುವಾರದ ಮಧ್ಯಾಹ್ನ ಸಾಕು. ಬೀಗ ಕಾಯುವುದು ಕಳ್ಳನಿಂದ ಮಾತ್ರ. ಡಿಸ್ಕಿನ ಸಾವಿನಿಂದ, ತಂತ್ರಾಂಶದ ತಪ್ಪಿನಿಂದ, ಮನುಷ್ಯನ ಮರೆವಿನಿಂದ ಕಾಯುವುದು ನಕಲು.

ಬಂಡಿ ಬಾಗಿಲಲ್ಲಿ ನಿಂತಿರುವಾಗ ಬೀಗದ ಕೈ ಅರ್ಧದಲ್ಲಿ ಸಿಕ್ಕಿಕೊಂಡರೆ ವಿವೇಕಿಯಾದವನು ಮಾಡುವುದೂ ಇಷ್ಟೇ. ಬಾಗಿಲು ಇನ್ನೂ ತೆರೆಯುತ್ತಿರುವಾಗಲೇ ಒಳಗೆ ಹೋಗಿ, ಒಡವೆಯ ಗಂಟನ್ನು ತಂದು ನೆರೆಮನೆಯಲ್ಲಿ ಇಡುತ್ತಾನೆ. ಅನಂತರ ಸಾವಕಾಶವಾಗಿ ಕುಳಿತು ಬೀಗಕ್ಕೆ ಎಣ್ಣೆ ಬಿಡುತ್ತಾನೆ.